ಟೋಬಿಯ ಹೆಸರಿದ್ದ ಜಾಕೆಟ್

ಹೋದ ವರ್ಷ ಜೂನ್ ತಿಂಗಳ ಒಂದು ಭಾನುವಾರ ನಡೆದದ್ದು ಇದು. ಭಾನುವಾರ ಎಂಬುದರಲ್ಲಿ ಅನುಮಾನವಿಲ್ಲ, ಇಲ್ಲಿ ಕಾರ್ ರೇಸು ನಡೆಯುವುದೇ ಭಾನುವಾರ. ಅಂದು ಮಳೆ ಹನಿಯುತ್ತಿತ್ತು, ಅದಕ್ಕೇ ನಾನು ಟೋಬಿಯ ಜಾಕೆಟ್ ಹಾಕಿಕೊಂಡಿದ್ದೆ ಎಂದು ಈ ಕಥೆಯನ್ನು ಹೇಳಿದಾಗಲೆಲ್ಲ ಹೇಳಿದ್ದೇನೆ. ಆದರೆ ಅಂದಿನ ವೀಡಿಯೋದಲ್ಲಿ ಒಳ್ಳೆಯ ಬಿಸಿಲಿದೆ. ಆದ್ದರಿಂದ ಓದುವವರು ನನ್ನ ನೆನಪನ್ನು ಪೂರ್ತಿ ನಂಬಬೇಡಿ. ನಾನೇ ನಂಬುವುದನ್ನು ಬಿಟ್ಟಿದ್ದೇನೆ.

ನನ್ನ ಊರು ಮೈಸೂರು. ಐರ್ಲೆಂಡಿಗೆ ಬಂದು ಒಂಬತ್ತು ವರ್ಷವಾಯಿತು. ಡಬ್ಲಿನ್ ಪಕ್ಕದ ಕ್ಲಾಂಡಾಲ್ಕಿನ್‌ನಲ್ಲಿ ಒಂದು ದೊಡ್ಡ ಗೋದಾಮಿನ ಕಂಪ್ಯೂಟರುಗಳನ್ನು ನೋಡಿಕೊಳ್ಳುತ್ತೇನೆ. ಅದೇ ಗೋದಾಮಿನ ಫೋರ್ಕ್‌ಲಿಫ್ಟುಗಳನ್ನು ರಿಪೇರಿ ಮಾಡುವವನು ಟೋಬಿ. ಅವನ ತಂದೆ ತಾಯಿ ನೈಜೀರಿಯಾದಿಂದ ಬಂದವರು, ಅವನು ಹುಟ್ಟಿದ್ದು ಇಲ್ಲೇ. ಅವನ ಡಬ್ಲಿನ್ ಇಂಗ್ಲಿಷ್ ನನಗೆ ಅರ್ಥವಾಗಲು ಒಂದು ವರ್ಷ ಹಿಡಿಯಿತು. ವಾರದ ಐದು ದಿನ ಮೆಕ್ಯಾನಿಕ್, ಭಾನುವಾರ ಸ್ಟಾಕ್ ಕಾರ್ ಚಾಲಕ. ಲೈಸೆನ್ಸ್ ಇತ್ತು, ಟೈರ್ ಅಂಗಡಿಯೊಂದು ಆ ಸೀಸನ್ನಿನ ಖರ್ಚು ನೋಡಿಕೊಳ್ಳುತ್ತಿತ್ತು. ರೇಸಿಗೆ ಬರುವ ಅಷ್ಟೂ ಚಾಲಕರಲ್ಲಿ ಕಪ್ಪು ವರ್ಣದವನು ಅವನೊಬ್ಬನೇ.

ಸ್ಟಾಕ್ ಕಾರ್ ನೋಡದವರಿಗೆ ಎರಡು ಮಾತು. ಕಾರಿನ ಸುತ್ತ ಕಬ್ಬಿಣದ ಬಂಪರ್ ಇರುತ್ತದೆ. ಬಾಗಿಲುಗಳನ್ನು ವೆಲ್ಡ್ ಮಾಡಿ ಮುಚ್ಚಿರುತ್ತಾರೆ, ಚಾಲಕ ಕಿಟಕಿಯಿಂದಲೇ ಹತ್ತಿ ಇಳಿಯಬೇಕು. ಮೊಟ್ಟೆಯಾಕಾರದ ಸಣ್ಣ ಟ್ರ್ಯಾಕಿನಲ್ಲಿ ಒಬ್ಬರನ್ನೊಬ್ಬರು ಗುದ್ದಿ ಸರಿಸಿಕೊಂಡು ಮುಂದೆ ಹೋಗಬಹುದು, ಅದು ತಪ್ಪಲ್ಲ. ಆದರೆ ಅಪಾಯವಿದೆಯೆಂದು ಹಳದಿ ಬಾವುಟ ಬೀಸಿದ ಮೇಲೆ ಗುದ್ದಿದರೆ ಲೈಸೆನ್ಸೇ ಹೋಗುತ್ತದೆ. ಕಾರಿನ ರೂಫಿನ ಬಣ್ಣ ಚಾಲಕನ ದರ್ಜೆಯನ್ನು ಹೇಳುತ್ತದೆ. ಹೊಸಬನದು ಬಿಳಿ, ಆಮೇಲೆ ಹಳದಿ, ನೀಲಿ, ಕೊನೆಗೆ ಕೆಂಪು. ಟೋಬಿ ಆ ವರ್ಷವಷ್ಟೇ ನೀಲಿಗೆ ಬಂದಿದ್ದ. "ಇಲ್ಲಿ ರೂಫಿನ ಬಣ್ಣ ಮಾತ್ರ ನೋಡ್ತಾರೆ ಅಂತ ರೂಲ್ ಬುಕ್ಕಲ್ಲಿದೆ, ನಾನು ಓದಿದೀನಿ," ಎಂದು ನಗುತ್ತಿದ್ದ. ಅವನು ಆಡಿದ್ದು ಇಂಗ್ಲಿಷಿನಲ್ಲಿ, ನಾನು ಕನ್ನಡಕ್ಕೆ ತಂದುಕೊಳ್ಳುತ್ತಿದ್ದೇನೆ.

ರೇಸಿನ ದಿನ ನನಗೆ ಎರಡು ಕೆಲಸ. ಒಂದು, ಬೆಲ್ಟ್. ಹೆಲ್ಮೆಟ್ ಹಾಕಿ ಕುಳಿತ ಚಾಲಕ ಭುಜದ ಬೆಲ್ಟನ್ನು ತಾನೇ ಬೇಕಾದಷ್ಟು ಬಿಗಿಯಲಾರ. ಹೊರಗಿನಿಂದ ಒಬ್ಬ ಕಿಟಕಿಯೊಳಗೆ ಬಗ್ಗಿ, ಬಾಗಿಲಿಗೆ ಮಂಡಿ ಕೊಟ್ಟು, ಉಸಿರು ಬಿಗಿಹಿಡಿದು ಎಳೆಯಬೇಕು. ಎಳೆದು ಮುಗಿದ ಮೇಲೆ, ಎಲ್ಲ ಸರಿಯಾಗಿದೆ ಎಂದು ತಿಳಿಸಲು, ರೂಫಿನ ಮೇಲೆ ಎರಡು ಸಲ ತಟ್ಟಬೇಕು. ಎರಡನೆಯದು ಕ್ಯಾಮೆರಾ. ಡ್ಯಾಶ್‌ಬೋರ್ಡಿನ ಮೇಲಿನ ಪೈಪಿಗೆ ಅದನ್ನು ಮೊದಲ ಸಲ ಕಟ್ಟಿದಾಗ ತಿಳಿಯದೆ ಹಿಂದುಮುಂದಾಗಿ ಕಟ್ಟಿದ್ದೆ. ಟ್ರ್ಯಾಕಿನ ಬದಲು ಟೋಬಿಯ ಮುಖ, ಅವನ ಹಿಂದೆ ಬರುವ ಕಾರುಗಳು ಕಾಣುತ್ತಿದ್ದವು. ಸರಿಮಾಡಲು ಹೋದರೆ ಅವನು ಬೇಡವೆಂದ. ಮೇನೂತ್‌ನಲ್ಲಿರುವ ಅವನ ತಾಯಿಗೆ ರೇಸು ನೋಡುವ ಧೈರ್ಯವಿರಲಿಲ್ಲವಂತೆ, ಮಗನ ಮುಖ ಕಂಡರೆ ಸಾಕಂತೆ. ಕ್ಯಾಮೆರಾ ಹಾಗೆಯೇ ಉಳಿಯಿತು.

ಅಂದು ಕಿಲ್ಕೆನ್ನಿ ದಾಟಿ ಹಸುಗಳು ಮೇಯುವ ಹೊಲಗಳ ನಡುವಿನ ರೇಸ್ ಟ್ರ್ಯಾಕಿಗೆ ಬೆಳಿಗ್ಗೆಯೇ ಹೋದೆವು. ಜಾಕೆಟ್ ಹಾಕಿಕೊಂಡದ್ದು ಹೆಮ್ಮೆಗೆ ಎಂದು ಈಗ ಅನ್ನಿಸುತ್ತದೆ. ಬೆನ್ನ ಮೇಲೆ ದೊಡ್ಡ ಅಕ್ಷರದಲ್ಲಿ ಟೋಬಿ ಎಂದೂ ಕೆಳಗೆ ೫೮ ಎಂಬ ಅವನ ನಂಬರೂ ಇತ್ತು. ಟೀ ಕೊಡುವ ವ್ಯಾನಿನವಳು ನನ್ನನ್ನು ಕಂಡು, ಟೋಬಿ ಹೇಗಿದ್ದಾನೆ ಎಂದು ಕೇಳಿದ್ದಳು. ಗ್ರ್ಯಾಂಡ್ ಎಂದಿದ್ದೆ, ಇಲ್ಲಿಯವರು ಚೆನ್ನಾಗಿದೆ ಎನ್ನುವುದಕ್ಕೆ ಬಳಸುವ ಪದ. ನಾನು ಈ ದೇಶದಲ್ಲಿ ಯಾವುದೋ ಒಂದಕ್ಕೆ ಸೇರಿದವನು ಎಂದು ಅನ್ನಿಸುತ್ತಿದ್ದುದು ಆ ಜಾಕೆಟ್ ಒಳಗಿದ್ದಾಗ ಮಾತ್ರ.

ಎರಡನೇ ರೇಸಿನ ಕೊನೆಯ ಸುತ್ತಿನಲ್ಲಿ ಟೋಬಿಯ ಕಾರು ಮುಂದಿದ್ದ ಹಳದಿ ರೂಫಿನ ಕಾರಿಗೆ ಬಡಿಯಿತು. ಅದು ತಿರುಗಿ ಬೇಲಿಗೆ ಹೋಗಿ ಅಪ್ಪಳಿಸಿತು. ಅದರ ಹುಡುಗನಿಗೆ ಏನೂ ಆಗಲಿಲ್ಲ, ಕಾರು ಮಾತ್ರ ನಜ್ಜುಗುಜ್ಜಾಯಿತು. ಟೋಬಿ ಪಿಟ್ಟಿಗೆ, ಅಂದರೆ ರೇಸುಗಳ ನಡುವೆ ಕಾರು ನಿಲ್ಲಿಸಿ ನೋಡಿಕೊಳ್ಳುವ ಜಾಗಕ್ಕೆ, ಬಂದ. ಸ್ವಲ್ಪ ಹೊತ್ತಿನಲ್ಲೇ ಫೈನಲ್ ಇದ್ದುದರಿಂದ ಇಳಿಯಲಿಲ್ಲ. ಎಂಜಿನ್ ಆರಿಸಿ, ಬೆಲ್ಟ್ ಸಡಿಲಿಸಿಕೊಂಡು, ಹೆಲ್ಮೆಟ್ ತೆಗೆಯದೆ ಹಾಗೆಯೇ ಕುಳಿತ. ಕ್ಯಾಮೆರಾ ಆಫ್ ಮಾಡಬೇಕಾದವನು ನಾನು. ಬಂಪರ್ ನೋಡಲು ಹಿಂದಕ್ಕೆ ಹೋದವನು ಮರೆತೆ.

ಯಾರೋ ಹಿಂದಿನಿಂದ ನನ್ನ ಭುಜ ಹಿಡಿದು ತಿರುಗಿಸಿದರು. ಕೆಂಪು ಟೋಪಿ ಹಾಕಿದ್ದ, ನನಗಿಂತ ಒಂದಡಿ ಎತ್ತರದ ಮನುಷ್ಯ. ಬೇಲಿಗೆ ಬಡಿದ ಹುಡುಗನ ತಂದೆ. ಅವನು ಬಳಸಿದ ಪದವನ್ನು ಬರೆಯುವುದಿಲ್ಲ. ಹಳದಿ ಬಾವುಟ ಬೀಸಿದ ಮೇಲೆ ನೀನು ಬೇಕೆಂದೇ ನನ್ನ ಮಗನನ್ನು ಗುದ್ದಿದೆ, ನಿನ್ನಂಥವರು ಇಲ್ಲಿಗೆ ಯಾಕೆ ಬರುತ್ತೀರಿ ಎಂದ. ನನ್ನ ಬೆನ್ನ ಮೇಲಿನ ಹೆಸರು ಓದಿ, ನನ್ನ ಮೈಬಣ್ಣ ನೋಡಿ ನಾನೇ ಟೋಬಿ ಎಂದುಕೊಂಡಿದ್ದ.

ಈ ಭಾಗವನ್ನು ನಾನು ಹಲವು ಸಲ ಹೇಳಿದ್ದೇನೆ. ದೀಪಾವಳಿಗೆ ಕನ್ನಡದವರು ಸೇರಿದಾಗ ಹೇಳಿದ್ದು ಹೀಗೆ: "ನಾನು ಕೂಲಾಗಿ, ಸರ್, ರಾಂಗ್ ಪರ್ಸನ್ ಅಂದೆ. ಆಸಾಮಿ ಪೆಚ್ಚಾಗಿ ಕೈ ಕುಲುಕಿ ಹೋದ." ಎಲ್ಲರೂ ನಕ್ಕರು. ಒಬ್ಬರು, ನಮ್ಮನ್ನೂ ಅವರನ್ನೂ ಒಂದೇ ಅಂದ್ಕೋತಾರಲ್ಲ ಮಾರಾಯ ಎಂದರು. ಅದಕ್ಕೂ ನಕ್ಕೆವು. ಅಷ್ಟು ಹೊತ್ತಿಗಾಗಲೇ ನಾನು ವೀಡಿಯೋ ನೋಡಿದ್ದೆ ಎಂಬುದನ್ನೂ ಇಲ್ಲಿ ಸೇರಿಸಬೇಕು.

ಆ ಮನುಷ್ಯ ಹೋದ ಮೇಲೆ ಫೈನಲ್‌ಗೆ ಕರೆ ಬಂತು. ನಾನು ಕಿಟಕಿಯೊಳಗೆ ಬಗ್ಗಿದೆ. ಕ್ಯಾಮೆರಾ ಆಫ್ ಆಗಿತ್ತು, ನಾನೇ ಮಾಡಿರಬೇಕೆಂದುಕೊಂಡೆ. ಟೋಬಿ ನೇರ ಮುಂದಕ್ಕೆ ನೋಡುತ್ತಿದ್ದ. ಬಿಗಿಯಾಗಿ ಎಳೆ ಎಂದ. ಎಳೆದೆ, ಎರಡು ಸಲ ತಟ್ಟಿದೆ. ಫೈನಲ್‌ನಲ್ಲಿ ಅವನು ಆರನೆಯವನಾಗಿ ಬಂದ. ವಾಪಸು ಬರುವಾಗ ವ್ಯಾನಿನಲ್ಲಿ ಮಾತಿಲ್ಲ. ದಣಿದಿದ್ದಾನೆ ಎಂದುಕೊಂಡೆ. ಹೆಲ್ಮೆಟ್ಟಿನೊಳಗೆ ಅವನಿಗೆ ಏನೂ ಕೇಳಿಸಿರಲಾರದು ಎಂಬ ಧೈರ್ಯವೂ ಇತ್ತು.

ಆ ವಾರವೇ ರೇಸಿನ ಸಮಿತಿಯಿಂದ ಟೋಬಿಗೆ ಪತ್ರ ಬಂತು. ಹಳದಿ ಬಾವುಟದ ನಂತರ ಬೇಕೆಂದೇ ಗುದ್ದಿದ್ದಾನೆಂದು ದೂರು, ಕಿಲ್ಕೆನ್ನಿಯ ಹೋಟೆಲೊಂದರಲ್ಲಿ ವಿಚಾರಣೆ. ತಪ್ಪು ಸಾಬೀತಾದರೆ ಉಳಿದ ಸೀಸನ್ ಇಲ್ಲ, ಟೈರ್ ಅಂಗಡಿಯ ಬೆಂಬಲವಿಲ್ಲ, ಮುಂದಿನ ವರ್ಷ ಮತ್ತೆ ಬಿಳಿ ರೂಫ್. ಅವನ ಆರು ವರ್ಷದ ಭಾನುವಾರಗಳು ಅಲ್ಲಿಗೆ ಮುಗಿದಂತೆ. ಗೋದಾಮಿನ ಕ್ಯಾಂಟೀನಿನಲ್ಲಿ ಟೋಬಿ ಕ್ಯಾಮೆರಾದ ಮೆಮೊರಿ ಕಾರ್ಡನ್ನು ನನ್ನ ತಟ್ಟೆಯ ಪಕ್ಕ ಇಟ್ಟ.

"ಆನ್ ಆದಾಗಿಂದ ಆಫ್ ಆಗೋವರೆಗೂ ಪೂರ್ತಿ ಫೈಲ್ ಬೇಕಂತೆ, ಕಟ್ ಮಾಡಂಗಿಲ್ಲ," ಎಂದ. "ಏನಿದೆ ಅಂತ ನೋಡು. ಕೊಡೋದು ಬಿಡೋದು ನಿನಗೆ ಬಿಟ್ಟಿದ್ದು."

ಅವನ ಕಾರ್ಡು, ಅವನ ಲೈಸೆನ್ಸು, ನನಗೇಕೆ ಬಿಡುತ್ತಿದ್ದಾನೆ ಎಂದು ನಾನು ಕೇಳಲಿಲ್ಲ.

ಸಂಜೆ ಅಡುಗೆಮನೆಯ ಮೇಜಿನ ಮೇಲೆ ಲ್ಯಾಪ್‌ಟಾಪ್ ಇಟ್ಟು ನೋಡಿದೆ. ಹೆಂಡತಿ ಶುಭಾ ಅಲ್ಲೇ ತರಕಾರಿ ಹೆಚ್ಚುತ್ತಿದ್ದಳು. ಗುದ್ದಾಟ ಸ್ಪಷ್ಟವಾಗಿತ್ತು. ಹಿಂದಿನಿಂದ ಮೂರನೇ ಕಾರೊಂದು ಟೋಬಿಗೆ ಬಡಿಯುತ್ತದೆ, ಅವನ ತಲೆ ಹಿಂದಕ್ಕೆ ಎಸೆದಂತಾಗುತ್ತದೆ, ಆಮೇಲೆ ಅವನ ಕಾರು ಮುಂದಿನದಕ್ಕೆ ತಗಲಿದ ಸದ್ದು ಕೇಳುತ್ತದೆ. ಹಿಂದೆ ಕಾಣುವ ಕಂಬದಲ್ಲಿ ಇನ್ನೂ ಹಸಿರು ದೀಪ, ಹಳದಿ ಬಾವುಟ ಏಳುವುದು ಅದಾದ ಮೇಲೆ. ಉಳಿದೆವು ಎಂದು ಶುಭಾಳಿಗೆ ತೋರಿಸಿದೆ. ಅವಳು ಕೈ ಒರೆಸಿಕೊಂಡು ಬಂದು ನಿಂತಳು. ಫೈಲ್ ನಿಲ್ಲಲಿಲ್ಲ.

ಕಾರು ಪಿಟ್ಟಿಗೆ ಬಂತು. ಎಂಜಿನ್ ಆರಿತು. ಟೋಬಿಯ ಹಿಂದೆ, ಗಾಜಿಲ್ಲದ ಕಿಟಕಿಯ ಚೌಕಟ್ಟಿನಲ್ಲಿ, ನಾನೂ ಕೆಂಪು ಟೋಪಿಯವನೂ ಕಂಡೆವು. ಅವನ ಮಾತು ಕೇಳಿತು. ಆಮೇಲೆ ನನ್ನದು.

"ನೋ ನೋ ಸರ್, ನಾನಲ್ಲ. ನಾನು ಇಂಡಿಯನ್. ಆ ಬ್ಲಾಕ್ ಹುಡುಗ ಅಲ್ಲಿದ್ದಾನೆ, ಕಾರೊಳಗೆ. ನಾವು ಅವರ ಥರ ಅಲ್ಲ ಸರ್."

ಎರಡು ಸಲ ಸರ್. ಹೇಳುವಾಗ ನನ್ನ ಕೈ ಟೋಬಿಯ ಕಡೆ ಚಾಚಿದೆ. ಹೇಳಿದ ಮೇಲೆ ಒಂದು ಸಣ್ಣ ನಗು, ನಮ್ಮನ್ನು ಹೊಡೆಯುವುದಿಲ್ಲ ಎಂದು ಗೊತ್ತಾದಾಗ ಬರುವಂಥದು. ಕೈ ಕುಲುಕಿದ್ದು ನಿಜ, ಆದರೆ ಮೊದಲು ಕೈ ನೀಡಿದವನು ನಾನು.

ನನಗೆ ಇದಾವುದೂ ನೆನಪಿರಲಿಲ್ಲ. ಮರೆಮಾಚಿದ್ದೆ ಎಂದು ಹೇಳುವಷ್ಟೂ ನೆನಪಿರಲಿಲ್ಲ. ಯಾರದೋ ಧ್ವನಿಯನ್ನು ನನ್ನ ಬಾಯಿಗೆ ಅಂಟಿಸಿದ್ದಾರೆ ಎಂದು ಒಂದು ಕ್ಷಣ ಪ್ರಾಮಾಣಿಕವಾಗಿ ಅಂದುಕೊಂಡೆ. ಶಾಲೆಯಲ್ಲಿ ಎಲ್ಲರೂ ನನ್ನನ್ನು ಕರಿಯ ಎಂದೇ ಕರೆಯುತ್ತಿದ್ದರು. ಅಕ್ಕ ಬೆಳ್ಳಗೆ, ನಾನು ಹೀಗೆ. ಅಜ್ಜಿ ಕಡಲೆಹಿಟ್ಟು ಅರಿಶಿನ ಕಲಸಿ ನನ್ನ ಮುಖ ತಿಕ್ಕುತ್ತಿದ್ದಳು. ವೀಡಿಯೋದಲ್ಲಿನ ಆ ಮಾತು ಇಂಗ್ಲಿಷಿನಲ್ಲಿ ಹೊರಬಿದ್ದಿತ್ತು, ನನ್ನೊಳಗೆ ಹುಟ್ಟಿದ್ದು ಕನ್ನಡದಲ್ಲೇ ಇರಬೇಕು.

"ಇದು ನೀನಾ?" ಎಂದಳು ಶುಭಾ.

ಹೌದು ಎಂದೆ.

"ರೇಸ್ ಮುಗಿದಲ್ಲಿಗೇ ಕಟ್ ಮಾಡಿದ್ರೆ?" ಎಂದಳು.

ಮಾಡಬಹುದು, ಆದರೆ ಗೊತ್ತಾದರೆ ಫೈಲನ್ನೇ ಒಪ್ಪುವುದಿಲ್ಲ ಎಂದೆ. ಗೊತ್ತಾಗದ ಹಾಗೆ ಕತ್ತರಿಸಲು ನನಗೆ ಬರುತ್ತದೆ ಎಂಬುದು ಇಬ್ಬರಿಗೂ ಗೊತ್ತಿತ್ತು. ಅವಳು, "ಟೋಬಿ ಊಟಕ್ಕೆ ಬಂದಿದ್ದಾಗ ನಿಮ್ಮಮ್ಮ ವೀಡಿಯೋ ಕಾಲಲ್ಲಿ ಅವನನ್ನ ನೋಡಿ ಏನಂದ್ರು ನೆನಪಿದ್ಯಾ? ನಾವಿಬ್ರೂ ನಕ್ಕಿದ್ವಿ. ಅವನು ಏನಂದ್ರು ಅಂತ ಕೇಳಿದ್ದಕ್ಕೆ, ನಿನ್ನ ಶರ್ಟ್ ಚೆನ್ನಾಗಿದೆ ಅಂದ್ರು ಅಂತ ಹೇಳ್ದೆ ನೀನು," ಎಂದಳು.

ಫೈಲ್ ಇನ್ನೂ ಓಡುತ್ತಿತ್ತು. ಆಗಲೇ ನಾವು ಅದನ್ನು ನೋಡಿದ್ದು. ಕೈ ಕುಲುಕಿ ಆಗಿದೆ, ಕೆಂಪು ಟೋಪಿ ಚೌಕಟ್ಟಿನಿಂದ ಹೊರಗೆ ಹೋಗಿದೆ. ಟೋಬಿ ಕದಲದೆ ಕುಳಿತಿದ್ದಾನೆ. ಹೆಲ್ಮೆಟ್ಟಿನ ಗಾಜು ಮೇಲಕ್ಕೆ ಸರಿಸಿದೆ, ಕಣ್ಣು ಕಾಣುತ್ತದೆ. ಅವನು ನಿಧಾನವಾಗಿ ಬಲಗೈಯ ಗ್ಲೌಸ್ ತೆಗೆಯುತ್ತಾನೆ. ಕ್ಯಾಮೆರಾವನ್ನೇ ನೋಡುತ್ತಾನೆ, ಅಂದರೆ ನಮ್ಮನ್ನು. ಬರಿಬೆರಳು ಮುಂದೆ ಬಂದು ಪರದೆಯನ್ನೆಲ್ಲ ತುಂಬುತ್ತದೆ. ಕಪ್ಪು.

ಅವನಿಗೆ ಎಲ್ಲವೂ ಕೇಳಿಸಿತ್ತು. ಕ್ಯಾಮೆರಾ ಆರಿಸಿದವನು ಅವನು. ಅದಾದ ಕೆಲವೇ ನಿಮಿಷಕ್ಕೆ ನಾನು ಬಗ್ಗಿ ಬೆಲ್ಟ್ ಎಳೆದಿದ್ದೆ, ಅವನು ಎಳೆಯಲು ಬಿಟ್ಟಿದ್ದ. ಕಾರ್ಡ್ ಕೊಡುವಾಗಲೂ ಅದರಲ್ಲಿ ಏನಿದೆಯೆಂದು ಅವನಿಗೆ ಗೊತ್ತಿತ್ತು.

ಫೈಲನ್ನು ಕತ್ತರಿಸದೆ ಕಳಿಸಿದೆ. ಇದನ್ನು ಧೈರ್ಯ ಎಂದು ಓದಬೇಡಿ. ಕತ್ತರಿಸಿದರೂ ಅವನಿಗೆ ಗೊತ್ತಾಗುತ್ತಿತ್ತು.

ವಿಚಾರಣೆಯ ದಿನ ಮೂವರು ಸಮಿತಿಯವರು, ಟೀ, ಬಿಸ್ಕತ್ತು. ಬ್ರೀಡಾ ಎಂಬ ವಯಸ್ಸಾದ ಹೆಂಗಸು ಅಧ್ಯಕ್ಷೆ. ಕೆಂಪು ಟೋಪಿಯವನು ಟೋಪಿ ತೆಗೆದು ತೊಡೆಯ ಮೇಲಿಟ್ಟುಕೊಂಡು ಕುಳಿತಿದ್ದ. ಮೂರನೇ ಕಾರಿನ ಗುದ್ದು ಕಂಡ ಮೇಲೆ ಸಮಿತಿಯ ಒಬ್ಬರು, ಸಾಕಲ್ಲ, ಸ್ಪಷ್ಟವಾಗಿದೆ ಎಂದು ನಿಲ್ಲಿಸಲು ಕೈ ಚಾಚಿದರು. ನಾನು ಬಿಸ್ಕತ್ತೊಂದನ್ನು ತೆಗೆದುಕೊಂಡೆ.

"ಕೊನೆವರೆಗೂ ಓಡಲಿ," ಎಂದ ಟೋಬಿ.

ಓಡಿತು. ಕೆಂಪು ಟೋಪಿಯವನ ಪದಗಳನ್ನೂ ನನ್ನ ಪದಗಳನ್ನೂ ಆ ಕೋಣೆ ಕೇಳಿತು. ಬ್ರೀಡಾ ಕನ್ನಡಕ ತೆಗೆದು, ಎರಡನೇ ಧ್ವನಿ ಯಾರದು ಎಂದು ಕೇಳಿದರು. ನನ್ನದು ಎಂದೆ. ಅವರು ಬರೆದುಕೊಂಡರು. ಟೋಬಿಯ ಮೇಲಿನ ದೂರು ಬಿದ್ದುಹೋಯಿತು. ಕೆಂಪು ಟೋಪಿಯವನು ಆ ಸೀಸನ್ ಪಿಟ್ಟಿನೊಳಗೆ ಕಾಲಿಡುವಂತಿಲ್ಲ ಎಂದಾಯಿತು. ನನ್ನ ಬಗ್ಗೆ ರೂಲ್ ಬುಕ್ಕಿನಲ್ಲಿ ಏನೂ ಇರಲಿಲ್ಲ.

ಕಾರ್ ಪಾರ್ಕಿನಲ್ಲಿ ಕ್ಷಮೆ ಕೇಳಿದೆ. ಟೋಬಿ ಗ್ರ್ಯಾಂಡ್ ಎಂದ. ಈ ದೇಶದಲ್ಲಿ ಆ ಪದ ಹೇಳಿದರೆ ಮಾತು ಮುಗಿಯಿತೆಂದು ಅರ್ಥ. ವ್ಯಾನಿನ ಬಾಗಿಲು ತೆರೆದವನು ನಿಂತ.

"ಆ ಕೆಂಪು ಟೋಪಿಯವನಂಥೋರು ಪ್ರತಿ ಭಾನುವಾರ ಸಿಗ್ತಾರೆ. ಅವರ ಏಟು ತಡೆಯೋಕೆ ಹೆಲ್ಮೆಟ್ ಸಾಕು," ಎಂದ. "ನೀನು ನನ್ನ ಬೆಲ್ಟ್ ಎಳೆಯೋನು."

ಜಾಕೆಟ್ಟನ್ನು ತೊಳೆದು ವಾಪಸು ಕೊಟ್ಟೆ. ಅವನು ತೆಗೆದುಕೊಂಡ. ನಾನು ಬರುವುದು ಬೇಡವೇನೋ ಎಂದುಕೊಂಡಿದ್ದೆ, ಆದರೆ ಭಾನುವಾರ ಎಂದಿನ ಸಮಯಕ್ಕೆ ವ್ಯಾನ್ ಬಂದು ಹಾರ್ನ್ ಮಾಡಿತು. ಈಗಲೂ ಹೋಗುತ್ತೇನೆ. ಈಗಲೂ ಬಾಗಿಲಿಗೆ ಮಂಡಿ ಕೊಟ್ಟು ಬೆಲ್ಟ್ ಎಳೆಯುತ್ತೇನೆ, ಎರಡು ಸಲ ತಟ್ಟುತ್ತೇನೆ. ಒಂದೇ ಬದಲಾವಣೆ. ಮೊದಲು ಕ್ಯಾಮೆರಾ ಆನ್ ಮಾಡುತ್ತಿದ್ದವನು ನಾನು. ಈಗ ನಾನು ಕಿಟಕಿಯೊಳಗೆ ಬಗ್ಗುವ ಮೊದಲೇ ಅವನು ಕೈ ಚಾಚಿ ಅದನ್ನು ಆನ್ ಮಾಡುತ್ತಾನೆ. ಕೆಂಪು ಚುಕ್ಕೆ ಹೊತ್ತಿಕೊಂಡದ್ದನ್ನು ನೋಡಿ, ಆಮೇಲೆ ನನ್ನ ಕಡೆ ಭುಜ ಕೊಡುತ್ತಾನೆ. ತಾಯಿಗೆ ಮುಖ ಕಾಣಲಿ ಎಂದೇ ಇರಬಹುದು. ನಾನು ಕೇಳಿಲ್ಲ.