ಏಳೂವರೆಯ ಬಾಗಿಲು

ಕ್ಲೆಮೆಂಟಿನಾ ಟೀಚರ್ ಕಟ್ಟುನಿಟ್ಟಿನ ಹೆಂಗಸು ಎಂದರೆ ಸಾಲದು. ಒಮಾನ್ ದೇಶದ ಸಲಾಲಾದ ನಮ್ಮ ಶಾಲೆಯಲ್ಲಿ ತಡವಾಗಿ ಬಂದ ಪ್ರಿನ್ಸಿಪಾಲರನ್ನೇ ಒಮ್ಮೆ ತರಗತಿಯ ಹೊರಗೆ ನಿಲ್ಲಿಸಿದ್ದರಂತೆ. ಸ್ಟಾಫ್‌ರೂಮಿನ ಸುಳ್ಳಿರಬಹುದು, ಆದರೂ ಅಲ್ಲಿ ಕಲಿಸುತ್ತಿದ್ದ ನಾವೆಲ್ಲ ನಂಬಿದ್ದೆವು. ಮದುವೆಯಾಗಿರಲಿಲ್ಲ. ಇಪ್ಪತ್ತೆರಡು ವರ್ಷ ಅದೇ ಫ್ಲ್ಯಾಟಿನಲ್ಲಿ ಒಬ್ಬರೇ ಇದ್ದರು.

೨೦೦೬ರ ಸೆಪ್ಟೆಂಬರ್ ಕೊನೆಗೆ ಅವರಿಗೆ ನಿವೃತ್ತಿ. ಅದೇ ತಿಂಗಳ ಎಂಟನೇ ತಾರೀಕು ಮೇರಿ ಮಾತೆಯ ಜನ್ಮದಿನದ ಮೊಂತಿ ಹಬ್ಬ. ಅಂದು ಚರ್ಚಿನಲ್ಲಿ ಆಶೀರ್ವದಿಸಿದ ಹೊಸ ಭತ್ತದ ಕಾಳನ್ನು ಸುಲಿದು ತೆಂಗಿನ ಹಾಲಿನಲ್ಲಿ ಬೆರೆಸಿ ಮನೆಯವರೆಲ್ಲ ಒಟ್ಟಿಗೆ ಕೂತು ತಿನ್ನುವುದು ಮಂಗಳೂರು ಕಡೆಯ ನಮ್ಮ ಕ್ರೈಸ್ತರ ಪದ್ಧತಿ. ಮನೆಯವರೇ ಇಲ್ಲದ ಟೀಚರ್ ಮೊದಲ ಬಾರಿಗೆ ನನ್ನನ್ನು, ನನ್ನ ಗಂಡ ಕ್ಯಾಸ್ಮಿರ್‌ನನ್ನು, ಮಕ್ಕಳನ್ನು ಕರೆದರು.

"ಪ್ರಾರ್ಥನೆ ರಾತ್ರಿ ಏಳೂವರೆಗೆ. ಶುರುವಾದ ಮೇಲೆ ನಾನು ಬಾಗಿಲು ತೆಗಿಲಿಕ್ಕಿಲ್ಲ, ಹಿಲ್ಡಾ."

ಜಿನುಗು ಮಳೆ, ಮರುಭೂಮಿಯ ಊರುಗಳಿಂದ ಮಳೆ ನೋಡಲೆಂದೇ ಬಂದವರ ಕಾರುಗಳು ರಸ್ತೆ ತುಂಬ. ನಾವು ಮುಟ್ಟಿದಾಗ ಏಳು ನಲವತ್ತು. ಬಾಗಿಲು ಹಾಕಿತ್ತು. ಬೆಲ್ ಒತ್ತಿದೆ. ಒಳಗೆ ಒಂಟಿ ದನಿಯ ಪ್ರಾರ್ಥನೆ ಒಂದು ಕ್ಷಣ ತಡವರಿಸಿ ಮತ್ತೆ ಜೋರಾಯಿತು.

"ಸ್ವಲ್ಪ ಕಾಯುವ ಮಾರಾಯ್ತಿ, ಮುಗಿದ ಮೇಲೆ ತೆಗೀತಾರೆ," ಎಂದ ಕ್ಯಾಸ್ಮಿರ್.

"ನಾವೆಂತ ಅವರ ಕ್ಲಾಸಿನ ಮಕ್ಕಳಾ? ನಡಿ," ಎಂದೆ. ನನ್ನ ಮೂಗಿನ ತುದಿಯಲ್ಲೇ ಸಿಟ್ಟು.

ಮರುದಿನ ಶನಿವಾರ ಶಾಲೆ. ಟೀಚರ್ ನನ್ನ ಮೇಜಿನ ಬಳಿ ಬಂದು ಕಾಗದದ ಸಣ್ಣ ಪೊಟ್ಟಣ ಇಟ್ಟರು. ಬಿಡಿಸಿ ನೋಡಿದರೆ ಆಶೀರ್ವದಿಸಿದ ಭತ್ತದ ನಾಲ್ಕು ಕಾಳು. ನಮ್ಮ ಮನೆಯಲ್ಲಿ ನಾಲ್ಕೇ ಜನ.

"ಬೆಲ್ ಕೇಳಿತ್ತು. ಏಳುವ ಅಂತ ಆಯ್ತು, ಆದ್ರೆ ಏಳಲಿಲ್ಲ. ಮುಗಿಸಿ ಬಾಗಿಲು ತೆಗೆದ್ರೆ ಮೆಟ್ಟಿಲ ಮೇಲೆ ಒದ್ದೆ ಹೆಜ್ಜೆ ಮಾತ್ರ." ಪೊಟ್ಟಣವನ್ನು ನನ್ನತ್ತ ಸರಿಸಿ ಹೇಳಿದರು, "ಏಳು ಬಗೆ ಪಲ್ಯ ಮಾಡಿದ್ದೆ. ಎಲ್ಲ ಫ್ರಿಜ್ಜಲ್ಲಿ ಉಂಟು. ಹೊಸ ಅಕ್ಕಿ ನಾನೂ ತಿನ್ಲಿಲ್ಲ. ಇವತ್ತು ಬರ್ತೀರಾ? ಟೈಮ್ ನೀನೇ ಹೇಳು."

ಟೈಮ್ ನೀನೇ ಹೇಳು! ಆ ಮಾತು ಆ ಬಾಯಿಂದ ಬರಲು ಎಷ್ಟು ಕಷ್ಟವಾಗಿತ್ತೆಂದು ನನಗೆ ಗೊತ್ತಾಗಲೇ ಇಲ್ಲವೆಂದರೆ ಸುಳ್ಳಾಗುತ್ತದೆ. ಗೊತ್ತಾಗಿತ್ತು.

"ಇವತ್ತು ಆಗುದಿಲ್ಲ ಟೀಚರ್. ಮಕ್ಕಳಿಗೆ ಟ್ಯೂಷನ್ ಉಂಟು."

ಟ್ಯೂಷನ್ ಇರಲಿಲ್ಲ. ಅವರು "ಸರಿ" ಎಂದರು, ಗಡಿಯಾರ ನೋಡಿದರು, ಗಂಟೆ ಬಾರಿಸುವ ಮೊದಲೇ ತರಗತಿಗೆ ಹೋದರು. ತಿಂಗಳ ಕೊನೆಗೆ ಊರಿಗೂ ಹೋದರು. ಮತ್ತೆ ಯಾವತ್ತೂ ಕರೆಯಲಿಲ್ಲ.