ಹದ್ದಿನಕಣ್ಣಮ್ಮ ಪಟ ತೂಗುಹಾಕಿದ ದಿನ

ಹದ್ದಿನಕಣ್ಣಮ್ಮ ಬರುತ್ತಾರೆ ಎಂದು ಸುದ್ದಿಯಾದರೆ ಸಾಕು, ಹನ್ನೊಂದು ಶಾಲೆಗಳ ಹೇನುಗಳು ಗಂಟುಮೂಟೆ ಕಟ್ಟಿ ತಲೆಯಿಂದ ತಲೆಗೆ ಗುಳೆ ಹೊರಡುತ್ತಿದ್ದವಂತೆ. ಶಾಲಾ ಆರೋಗ್ಯ ಇಲಾಖೆಯ ಈ ನರ್ಸಮ್ಮ ಗೇಟಿನ ಹತ್ತಿರ ನಿಂತೇ ಯಾರು ಹಲ್ಲುಜ್ಜಿಲ್ಲ, ಯಾರ ಹೊಟ್ಟೆನೋವು ಅಸಲಿ, ಯಾರದ್ದು ಗಣಿತದ ಪರೀಕ್ಷೆ ಮುಗಿದ ಕೂಡಲೇ ವಾಸಿಯಾಗುವಂಥದ್ದು ಎಂದು ಹೇಳಿಬಿಡುತ್ತಿದ್ದರು. ಅವರ ಕನ್ನಡಕ ಸದಾ ನೆತ್ತಿಯ ಮೇಲೆ. ಅದನ್ನು ಅವರು ಚೀಲದಲ್ಲಿ, ಮೇಜಿನ ಕೆಳಗೆ, ಕಡೆಗೆ ತೂಕದ ಯಂತ್ರದ ಹಿಂದೆಯೂ ಹುಡುಕುತ್ತಿದ್ದರು. ಮಕ್ಕಳ ಪ್ರಕಾರ ಅದು ಮರೆವಲ್ಲ, ಹಿಂದೆ ನಿಂತು ಕೀಟಲೆ ಮಾಡುವವರನ್ನು ಹಿಡಿಯಲು ಇಟ್ಟುಕೊಂಡ ಇನ್ನೊಂದು ಜೊತೆ ಕಣ್ಣು. ಅವರ ಯಜಮಾನರ ಅಭಿಪ್ರಾಯ ಬೇರೆಯೇ ಇತ್ತು. ಚಹಾಕ್ಕೆ ಎಷ್ಟೋ ಸಲ ಉಪ್ಪು ಬಿದ್ದದ್ದನ್ನು ಕುಡಿದವರು ಅವರು.

ಅವತ್ತು ಆರನೇ ತರಗತಿಯ ಕಣ್ಣು ಪರೀಕ್ಷೆ. ಕಣ್ಣಿನ ಡಾಕ್ಟರು ಶಾಲೆಗೆ ಬರುವುದು ವರ್ಷಕ್ಕೊಮ್ಮೆ. ನರ್ಸಮ್ಮನ ಪಟ್ಟಿಯಲ್ಲಿ ಹೆಸರಿದ್ದವರಿಗೆ ಮಾತ್ರ ಅವರ ದರ್ಶನ, ಉಳಿದವರು ಇನ್ನೊಂದು ವರ್ಷ ಕಾಯಬೇಕು.

ಸಾಲಿನ ಮೊದಲಿಗೆ ನಿಂತವಳು ಓಟದ ತಂಡದ ನಾಯಕಿ. ಮೂರು ತಿಂಗಳಿಂದ ಅವಳಿಗೆ ಕರಿಹಲಗೆ ಬರೀ ಕರಿಮೋಡ. ಮೈದಾನದಲ್ಲೂ ಗೆರೆ ತಪ್ಪಿ ಬಿದ್ದು ನರ್ಸಮ್ಮನಿಂದಲೇ ಮಂಡಿಗೆ ಮದ್ದು ಹಚ್ಚಿಸಿಕೊಂಡಿದ್ದಳು. ಪಕ್ಕದವಳ ಪುಸ್ತಕ ನೋಡಿ ಬರೆದುಕೊಂಡು, ಅದರಲ್ಲಿದ್ದ ತಪ್ಪನ್ನೂ ಹಾಗೇ ಇಳಿಸಿ ಗಣಿತದಲ್ಲಿ ಎಂಟು ಅಂಕಕ್ಕೆ ಬಂದು ನಿಂತಿದ್ದಳು. ಆದರೂ ಬಾಯಿ ಬಿಟ್ಟಿರಲಿಲ್ಲ. ಕನ್ನಡಕ ಬಂದರೆ ‘ಸೋಡಾಬುಡ್ಡಿ’ ಎಂಬ ಬಿರುದೂ ಬರುತ್ತದೆ, ಸೋಡಾಬುಡ್ಡಿಯನ್ನು ಯಾವ ತಂಡ ನಾಯಕಿ ಎನ್ನುತ್ತದೆ? ಅದಕ್ಕೇ ಹಿಂದಿನ ದಿನ ಐದನೇ ತರಗತಿಯ ಪರೀಕ್ಷೆ ನಡೆಯುವಾಗ ಬಾಗಿಲಿಗೆ ಕಿವಿಗೊಟ್ಟು ಇಡೀ ಅಕ್ಷರಪಟವನ್ನು ಬಾಯಿಪಾಠ ಮಾಡಿದ್ದಳು.

ಆಟದ ಸಾಮಾನಿನ ಕೋಣೆಯಲ್ಲಿ, ಗಾಳಿ ಹೋದ ಫುಟ್ಬಾಲುಗಳ ಬುಟ್ಟಿಯ ಮೇಲಿದ್ದ ಮೊಳೆಗೆ ನರ್ಸಮ್ಮ ಪಟ ತೂಗುಹಾಕಿದರು. ಕೋಲು ಹಿಡಿದು ಪಕ್ಕದಲ್ಲೇ ನಿಂತರು. ಒಬ್ಬೊಬ್ಬರಾಗಿ ಒಳಗೆ ಬರಬೇಕು.

“ಹೂಂ, ಮೇಲಿಂದ ಶುರು ಮಾಡು ಮರಿ.”

ಹುಡುಗಿ ಸೀಮೆಸುಣ್ಣದ ಗೆರೆಯ ಮೇಲೆ ನಿಂತು ಮೊದಲ ದೊಡ್ಡಕ್ಷರದಿಂದ ಕೊನೆಯ ಇರುವೆ ಸಾಲಿನವರೆಗೆ ಗಿಳಿಯಂತೆ ಒಪ್ಪಿಸಿದಳು. ಹತ್ತೊಂಬತ್ತು ವರ್ಷದಿಂದ ಅದೇ ಪಟ ಕೇಳುತ್ತ ಬಂದ ನರ್ಸಮ್ಮ ಕಣ್ಣು ಮುಚ್ಚಿಕೊಂಡೇ ತಲೆದೂಗಿದರು.

“ಭೇಷ್! ನಿನಗೆ ಚಂದ್ರನ ಮೇಲಿನ ಸೊಳ್ಳೆನೂ ಕಾಣುತ್ತೆ. ಹೋಗು.”

ಎರಡನೆಯವನು ಒಳಗೆ ಬಂದವನೇ ಕತ್ತು ಓರೆ ಮಾಡಿದ.

“ಸಿಸ್ಟರ್, ಶೀರ್ಷಾಸನ ಹಾಕಿ ಓದಬೇಕಾ?”

“ಏನೋ ನಿನ್ನ ತರಲೆ?”

“ಪಟ ತಲೆಕೆಳಗಾಗಿದೆ!”

ನರ್ಸಮ್ಮ ಪಟಕ್ಕೆ ಮೂಗು ತಾಗುವಷ್ಟು ಹತ್ತಿರ ಹೋದರು. ನಿಜ. ಇರುವೆ ಸಾಲು ಮೇಲೆ, ದೊಡ್ಡಕ್ಷರ ಕೆಳಗೆ. ಹಾಗಾದರೆ ಮೊದಲಿನವಳು ಮೇಲಿಂದ ಓದಿದ್ದು ಏನನ್ನು? ನರ್ಸಮ್ಮ ಜಗಲಿಗೆ ಹಾರಿ, ಮೆಟ್ಟಿಲಿಳಿಯುತ್ತಿದ್ದ ಓಟದ ನಾಯಕಿಯನ್ನೇ ಓಡಿ ಹಿಡಿದು ಮತ್ತೆ ಸೀಮೆಸುಣ್ಣದ ಗೆರೆಯ ಮೇಲೆ ತಂದು ನಿಲ್ಲಿಸಿದರು!

“ಮೊದಲ ಅಕ್ಷರ ಎಲ್ಲಿತ್ತು, ತೋರಿಸೇ ಕಳ್ಳಿ.”

ಹುಡುಗಿ ಧೈರ್ಯವಾಗಿ ಪಟದ ಮೇಲ್ತುದಿಗೆ ಬೆರಳು ತೋರಿಸಿದಳು. ಬಾಗಿಲಲ್ಲಿ ಇಣುಕುತ್ತಿದ್ದ ಸಾಲೆಲ್ಲ ಗೊಳ್ಳೆಂದಿತು. ಅವಳ ಕಣ್ಣು ತುಂಬಿತು.

“ಕನ್ನಡಕ ಹಾಕ್ಕೊಂಡು ಓಡಿದರೆ ಬಿದ್ದೋಗುತ್ತೆ ಸಿಸ್ಟರ್...”

“ಹಿಂದೆ ರಬ್ಬರ್ ಪಟ್ಟಿ ಕಟ್ಟಿದರಾಯಿತು. ಈಗ ಪಕ್ಕದ ಗೆರೆಯವಳನ್ನ ಗುದ್ದಿ ಬೀಳ್ತಿದ್ದೀಯಲ್ಲ, ಅದಕ್ಕೆ ಯಾವ ಪಟ್ಟಿ ಕಟ್ಟಲಿ?”

ಕಣ್ಣಿನ ಡಾಕ್ಟರ ಪಟ್ಟಿಯಲ್ಲಿ ಅವಳ ಹೆಸರೇ ಮೊದಲಾಯಿತು.

ತಿಂಗಳಾಗುವಷ್ಟರಲ್ಲಿ ಹುಡುಗಿ ರಬ್ಬರ್ ಪಟ್ಟಿಯ ಕನ್ನಡಕದಲ್ಲಿ ತನ್ನ ಗೆರೆ ಬಿಡದೆ ಓಡಿ ಗೆದ್ದಳು. ಸೋಡಾಬುಡ್ಡಿ ಎಂದವರು ಹಿಂದೆ ಉಳಿದಿದ್ದರಿಂದ ಅದು ಅವಳಿಗೆ ಕೇಳಿಸಲಿಲ್ಲ. ನರ್ಸಮ್ಮನ ತಲೆಕೆಳಗು ತಂತ್ರವಂತೂ ಹನ್ನೊಂದು ಶಾಲೆಗೂ ಹಬ್ಬಿತು. ಮುಖ್ಯೋಪಾಧ್ಯಾಯಿನಿ ಪ್ರಾರ್ಥನೆಯ ಹೊತ್ತಿನಲ್ಲಿ ಅದರ ಮೇಲೆ ಭಾಷಣವನ್ನೇ ಬಿಗಿದರು.

ಮುಂದಿನ ಭೇಟಿಯಲ್ಲಿ ಹುಡುಗಿ ಮೆಲ್ಲಗೆ ಬಂದು ಸೆರಗು ಜಗ್ಗಿದಳು.

“ಸಿಸ್ಟರ್, ನಾನು ಬಾಯಿಪಾಠ ಮಾಡಿದ್ದು ನಿಮಗೆ ಮೊದಲೇ ಹೇಗೆ ಗೊತ್ತಾಯ್ತು?”

ನರ್ಸಮ್ಮ ಅತ್ತಿತ್ತ ನೋಡಿ ಅವಳ ಕಿವಿಯ ಬಳಿ ಬಗ್ಗಿದರು.

“ಎಲ್ಲಿ ಗೊತ್ತಾಯ್ತು ಮಾರಾಯ್ತಿ! ನನ್ನ ಕನ್ನಡಕ ಅವತ್ತು ಮನೇಲಿ ಫ್ರಿಜ್ಜೊಳಗಿತ್ತು.”