ಅತ್ತೆ ಹೊಗಳಿದ ಊರು

ನೈರೋಬಿಯಲ್ಲಿ ನಮ್ಮನ್ನು ಮೊದಲು ಎದುರುಗೊಂಡದ್ದು ಬೋಳುತಲೆಯ ಹಕ್ಕಿಗಳು. ವಿಮಾನ ನಿಲ್ದಾಣದಿಂದ ಮನೆಗೆ ಬರುವಾಗ ಟ್ಯಾಕ್ಸಿ ಒಂದು ವೃತ್ತದ ಬಳಿ ಟ್ರಾಫಿಕ್ಕಿನಲ್ಲಿ ಸಿಕ್ಕಿಕೊಂಡಿತು. ತಲೆಯೆತ್ತಿ ನೋಡಿದರೆ ಮುಳ್ಳುಮರಗಳ ನೆತ್ತಿಯ ಮೇಲೆ, ಕರಿಕೋಟು ತೊಟ್ಟ ಮುದುಕರಂತೆ, ನನ್ನ ಮಗಳಷ್ಟು ಎತ್ತರದ ಕೊಕ್ಕರೆಗಳು ಸಾಲಾಗಿ ನಿಂತಿದ್ದವು. ಕತ್ತಿನ ಕೆಳಗೆ ಗುಲಾಬಿ ಬಣ್ಣದ ಚೀಲವೊಂದು ತೂಗುತ್ತಿತ್ತು. ಅವಕ್ಕೆ ಮರಾಬು ಎಂದು ಹೆಸರು, ಊರಿನ ಕಸ ತಿಂದು ಬದುಕುತ್ತವೆ ಎಂದು ಆಮೇಲೆ ತಿಳಿಯಿತು. ಆಗ ಜುಲೈ ತಿಂಗಳು. ಆಫ್ರಿಕಾ ಎಂದರೆ ಉರಿಬಿಸಿಲು ಎಂದು ನಂಬಿ ಸ್ವೆಟರುಗಳನ್ನೆಲ್ಲ ಮೈಸೂರಿನ ಬೀರುವಿನಲ್ಲೇ ಬಿಟ್ಟು ಬಂದಿದ್ದ ನಾವು ಟ್ಯಾಕ್ಸಿಯೊಳಗೆ ಗಡಗಡ ನಡುಗುತ್ತಿದ್ದೆವು. ಇದೆಂಥಾ ಊರಿಗೆ ಕರೆದುಕೊಂಡು ಬಂದಿರಿ ಎಂದು ಗಂಡ ಗಿರೀಶರ ಮುಖ ನೋಡಿದೆ. ಅವರು ಆ ಹಕ್ಕಿಗಳನ್ನೇ ನೋಡುತ್ತಿದ್ದರು.

ಅದೇ ಸಂಜೆ ನನ್ನ ಓರಗಿತ್ತಿ ಸುಮನಾ ಮನೆಯವರ ವಾಟ್ಸಾಪ್ ಗುಂಪಿಗೆ ಒಂದು ಫೋಟೋ ಹಾಕಿದಳು. ಗಿರೀಶರ ತಮ್ಮ ರಘುವಿಗೆ ಇಟಲಿಯ ಉತ್ತರದಲ್ಲಿರುವ ಟ್ಯೂರಿನ್ ಎಂಬ ಊರಿನಲ್ಲಿ ಕಾರು ವಿನ್ಯಾಸದ ಕೆಲಸ ಸಿಕ್ಕಿತ್ತು. ಅಲ್ಲಿಯವರು ಅದನ್ನು ಟೊರಿನೊ ಎನ್ನುತ್ತಾರೆ. ಗಿರೀಶರಿಗೆ ನೀರಿನ ಯೋಜನೆಯೊಂದರ ಕೆಲಸ ಸಿಕ್ಕಿ ನಾವು ಇಲ್ಲಿಗೆ ಹೊರಟ ವರ್ಷವೇ ಅವರೂ ಅಲ್ಲಿಗೆ ಹೊರಟಿದ್ದರು. ಫೋಟೋದಲ್ಲಿ ಸುಮನಾ ಎತ್ತರದ ಕಲ್ಲುಕಮಾನಿನ ಕೆಳಗೆ, ಅಮೃತಶಿಲೆಯ ಮೇಜಿನ ಮುಂದೆ ಕಾಲ ಮೇಲೆ ಕಾಲು ಹಾಕಿ ಕುಳಿತಿದ್ದಳು. ಮುಂದೆ ಒಂದು ಪುಟ್ಟ ಗಾಜಿನ ಲೋಟ. 'ಇಲ್ಲಿ ಮಳೆ ಬಂದರೆ ಕೊಡೆಯೇ ಬೇಡ, ಊರಿಡೀ ಕಮಾನಿನ ಕೆಳಗೇ ನಡೆಯಬಹುದು' ಎಂದು ಬರೆದಿದ್ದಳು. ನಾನು ಕೊಕ್ಕರೆಯ ಫೋಟೋ ಹಾಕಲಿಲ್ಲ.

ನನಗೆ ಹೊಟ್ಟೆ ಉರಿಯಿತು. ಇದನ್ನು ಸುತ್ತಿ ಬಳಸಿ ಹೇಳುವುದರಲ್ಲಿ ಅರ್ಥವಿಲ್ಲ. ಸುಮನಾ ಒಳ್ಳೆಯವಳು, ನನ್ನನ್ನು ಬಾಯಿ ತುಂಬ ಅಕ್ಕಾ ಎನ್ನುತ್ತಾಳೆ. ಆದರೆ ಅವಳು ಹೊರಟಾಗ ನೆಂಟರೆಲ್ಲ 'ಅಯ್ಯೋ, ಏನು ಪುಣ್ಯ ಮಾಡಿದ್ದಳೋ' ಎಂದರು. ನಾನು ಹೊರಟಾಗ 'ಹುಷಾರಮ್ಮ' ಎಂದರು. ಒಬ್ಬ ದೊಡ್ಡಮ್ಮನಂತೂ ನನ್ನ ತಲೆ ಸವರಿ ಕಣ್ಣೊರೆಸಿಕೊಂಡರು. ಆ ಕಣ್ಣೀರನ್ನು ನಾನು ಇವತ್ತಿಗೂ ಕ್ಷಮಿಸಿಲ್ಲ.

ಮನೆ ಸಿಕ್ಕಿದ್ದು ಪಾರ್ಕ್‌ಲ್ಯಾಂಡ್ಸಿನಲ್ಲಿ. ನಮ್ಮ ದೇಶದಿಂದ ತಲೆಮಾರುಗಳ ಹಿಂದೆ ಬಂದವರು ತುಂಬಿರುವ ಬಡಾವಣೆ. ಬೆಳಿಗ್ಗೆ ದೇವಸ್ಥಾನದ ಗಂಟೆ, ಮೆಟ್ಟಿಲಲ್ಲಿ ಗುಜರಾತಿ, ರಸ್ತೆಯಲ್ಲಿ ಸ್ವಾಹಿಲಿ, ಮನೆಯೊಳಗೆ ನಾನು ಕನ್ನಡದಲ್ಲಿ ಕೇಳಿದ್ದಕ್ಕೆಲ್ಲ ಮಗಳು ಅದಿತಿಯ ಇಂಗ್ಲಿಷ್ ಉತ್ತರ. ಮೊದಲ ತಿಂಗಳುಗಳಲ್ಲಿ ಮಧ್ಯಾಹ್ನ ಕಳೆಯುವುದೇ ಕಷ್ಟವಾಗಿತ್ತು. ಆಮೇಲೆ ಒಂದೊಂದಾಗಿ ಊರು ಕೈಗೆ ಬಂತು. ಮಟಾಟು ಎಂದರೆ ಮೈತುಂಬ ಬಣ್ಣ ಬಳಿದುಕೊಂಡು ಹಾಡು ಕಿರುಚುತ್ತ ಓಡುವ ಪುಟ್ಟ ಬಸ್ಸು. ಅದರಲ್ಲಿ ಪಂಗಾನಿ ಎಂಬ ಬಡಾವಣೆಯವರೆಗೆ ಒಬ್ಬಳೇ ಹೋಗಿ, ಸರಿಯಾದ ಜಾಗದಲ್ಲಿ 'ಹಾಪಾ, ಹಾಪಾ', ಅಂದರೆ ಇಲ್ಲೇ ಇಲ್ಲೇ ಎಂದು ಕೂಗಿ ಇಳಿದ ದಿನ ನಾನು ಮನೆಯಲ್ಲಿ ಕೇಸರಿಬಾತು ಮಾಡಿದೆ. ಗೇಟಿನ ಬಳಿ ತರಕಾರಿ ಮಾರುವ ವಂಜಿಕು ಎಳೆ ಮೆಂತ್ಯವನ್ನು ನನಗೆಂದು ತೆಗೆದಿಡತೊಡಗಿದಳು. ಇಲ್ಲಿಯವರ ಉಗಾಲಿ ನಮ್ಮ ಮುದ್ದೆಯ ಖಾಸಾ ದಾಯಾದಿ, ಬಣ್ಣ ಮಾತ್ರ ಬಿಳಿ. ಅದನ್ನು ಸೊಪ್ಪಿನ ಪಲ್ಯದೊಂದಿಗೆ ಕೈಯಲ್ಲೇ ಮುರಿದು ತಿನ್ನುತ್ತಾರೆ.

ಇಷ್ಟೆಲ್ಲ ಗೆಲುವು ಸಾಧಿಸಿ ಫೋನು ತೆರೆದರೆ ಸುಮನಾಳ ಹಿಮದ ಬೆಟ್ಟ, ಸುಮನಾಳ ಚಾಕೊಲೇಟು ಅಂಗಡಿ. ನನ್ನ ಉಗಾಲಿ ತಣ್ಣಗಾಗುತ್ತಿತ್ತು.

ಹೀಗಿರುವಾಗ ಮರುವರ್ಷ ಅತ್ತೆ ನಮ್ಮನ್ನು ನೋಡಲು ಹೊರಟು ನಿಂತರು. ಮೈಸೂರಿನಲ್ಲಿ ಮಗಳ ಮನೆಯಲ್ಲಿ ಇರುವ ಅತ್ತೆ ಸರಸ್ವತಿಪುರಂನ ಅರ್ಧ ಬೀದಿಗೆ ಸುದ್ದಿಯ ಮೂಲ. ಮೊದಲು ಟೊರಿನೊ, ಅಲ್ಲಿಂದ ನೇರ ನೈರೋಬಿ, ಗೌರಿ ಹಬ್ಬ ನಮ್ಮಲ್ಲಿ ಮುಗಿಸಿ ವಾಪಸು ಎಂದು ತೀರ್ಮಾನವಾಯಿತು. ಅವರು ಹೋಗಿ ಏನು ಹೇಳುತ್ತಾರೋ ಅದೇ ನೆಂಟರಿಷ್ಟರಿಗೆಲ್ಲ ಕೊನೆಯ ಮಾತು. ಜಯಾ ಚೆನ್ನಾಗಿದ್ದಾಳೆ, ಅವಳ ಊರು ಚೆನ್ನಾಗಿದೆ ಎಂದು ಅತ್ತೆಯ ಬಾಯಿಂದ ಬಂದರೆ ದೊಡ್ಡಮ್ಮನ ಕಣ್ಣೀರು ಒರೆಸಿದಂತೆ. ನನಗೆ ಬೇಕಾದದ್ದು ಅಷ್ಟೇ. ಅದು ಎಷ್ಟು ಬೇಕಾಗಿತ್ತೆಂದರೆ, ಹೊಸ ಪರದೆ ಹೊಲಿಸಿದೆ.

ಅತ್ತೆ ಬಂದರು. ಮರುದಿನ ಬೆಳಿಗ್ಗೆ ಬಾಲ್ಕನಿಯಲ್ಲಿ ಕಾಫಿ ಕೊಟ್ಟೆ. ಒಂದು ಗುಟುಕು ಕುಡಿದು ಶುರುಮಾಡಿದರು.

"ಟೊರಿನೊದಲ್ಲಿ ಕಾಫೀನ ನಿಂತ್ಕೊಂಡೇ ಕುಡೀಬೇಕು ಕಣೇ ಜಯಾ. ಥೇಟ್ ನಮ್ಮ ದರ್ಶಿನಿ ಥರ. ಗಲ್ಲಾ ಹತ್ರ ಚೀಟಿ ತಗೋ, ಕೌಂಟರಲ್ಲಿ ಕೊಡು, ಎರಡು ಗುಟುಕು, ಮುಗೀತು. ಆದ್ರೆ ಮೇಲೆ ನೋಡಿದ್ರೆ ಅರಮನೇಲಿರೋ ಅಂಥ ದೀಪದ ಗೊಂಚಲು!"

"ಈ ಕಾಫಿ ಹೇಗಿದೆ ಅತ್ತೆ? ಇಲ್ಲೇ ಬೆಳೆದದ್ದು."

"ಬಿಸಿಯಾಗಿದೆ," ಎಂದರು.

ಅಂದಿನಿಂದ ಪಾರ್ಕ್‌ಲ್ಯಾಂಡ್ಸಿನ ನಮ್ಮ ಬಾಲ್ಕನಿ ಟೊರಿನೊದ ಪ್ರವಾಸಿ ಕಚೇರಿಯಾಯಿತು. ಆ ಊರಿಗೆ ಕಾಲಿಡದ ನಾನು ಅಲ್ಲಿ ಎಲ್ಲಿ ತಿನ್ನಬೇಕು, ಎಲ್ಲಿ ಕುಡಿಯಬೇಕು, ಎಲ್ಲಿ ಅಡ್ಡಾಡಬೇಕು ಎಂದು ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಹೇಳಬಲ್ಲೆ. ನದಿಯವರೆಗೂ ಕಮಾನಿನ ಕೆಳಗೇ ನಡೆದು ಹೋಗಬೇಕು. ಬೆಳಿಗ್ಗೆ ದೊಡ್ಡ ಮಾರುಕಟ್ಟೆಗೆ ಹೋಗಿ ಪೀಚ್ ಹಣ್ಣು ತಿನ್ನಬೇಕು. ಊಟಕ್ಕೆ ಮೊದಲು ಮೇಜಿನ ಮೇಲೆ ಕಡ್ಡಿಯಂಥ ಗರಿಗರಿ ಬ್ರೆಡ್ಡು ಇಡುತ್ತಾರೆ, ಕೋಡುಬಳೆಯನ್ನು ಬಿಚ್ಚಿ ನೆಟ್ಟಗೆ ಮಾಡಿದಂತೆ. ಸಂಜೆ ಕಿತ್ತಳೆ ಬಣ್ಣದ ಕಹಿ ಪಾನಕವೊಂದನ್ನು ತರಿಸಿಕೊಂಡರೆ ಜೊತೆಗೆ ತಟ್ಟೆ ತುಂಬ ಕುರುಕಲು ಬರುತ್ತದೆ. ಆ ಪದ್ಧತಿಗೆ ಅಪೆರಿತೀವೊ ಎಂದು ಹೆಸರು. ಆದರೆ ತರಕಾರಿ ಅದ್ದಿಕೊಂಡು ತಿನ್ನಲು ಕೊಡುವ ಬಿಸಿ ಬೆಳ್ಳುಳ್ಳಿ ಗೊಜ್ಜನ್ನು ನಮ್ಮಂಥವರು ಮುಟ್ಟಬಾರದು, ಅದರಲ್ಲಿ ಮೀನು ಅರೆದಿರುತ್ತಾರೆ. ಈಜಿಪ್ಟಿನ ಮಮ್ಮಿಗಳ ಮ್ಯೂಸಿಯಂ ತಪ್ಪಿಸಬಾರದು.

"ಅವೂ ಆಫ್ರಿಕಾದಿಂದಲೇ ಹೋಗಿದ್ದು ಅತ್ತೆ," ಎಂದೆ ತಡೆಯಲಾರದೆ.

"ಹೌದಾ? ಎಷ್ಟು ಚೆನ್ನಾಗಿ ಇಟ್ಕೊಂಡಿದ್ದಾರೆ ನೋಡು," ಎಂದರು.

ರಸ್ತೆ ಬದಿಯ ಹಸಿರು ಕಬ್ಬಿಣದ ನಲ್ಲಿಗಳ ಕತೆಯನ್ನಂತೂ ದಿನಕ್ಕೊಮ್ಮೆ ಹೇಳುತ್ತಿದ್ದರು. ಅವುಗಳ ಬಾಯಿ ಗೂಳಿಯ ತಲೆ. ನೀರು ಹಗಲೂ ರಾತ್ರಿ ಸುರಿಯುತ್ತದೆ. ಅತ್ತೆ ಮೊದಲ ಸಲ ನೋಡಿದಾಗ ಚಪ್ಪಲಿ ಬಿಟ್ಟು, ಬಸವಣ್ಣನ ಬಾಯಿಂದ ಬರುವ ತೀರ್ಥವೆಂದು ಅಂಗೈಯಲ್ಲಿ ಹಿಡಿದು ಕಣ್ಣಿಗೊತ್ತಿಕೊಂಡು ಕುಡಿದರಂತೆ. ಹಿಂದೆ ನೀರು ಹಿಡಿಯಲು ಬಂದ ಇಟಲಿಯ ಮುದುಕನೊಬ್ಬ ಟೋಪಿ ತೆಗೆದು ನಿಂತನಂತೆ.

ಎಲ್ಲಕ್ಕಿಂತ ಹೆಚ್ಚು ನನ್ನನ್ನು ಕಾಡಿದ್ದು ಬಿಚೆರಿನ್. ಸುಮನಾಳ ಮೊದಲ ಫೋಟೋದಲ್ಲಿದ್ದ ಪುಟ್ಟ ಲೋಟ ಅದೇ. ತಳದಲ್ಲಿ ಬಿಸಿ ಚಾಕೊಲೇಟು, ನಡುವೆ ಕಾಫಿ, ಮೇಲೆ ಕೆನೆ. ಕಲಕಬಾರದು, ಮೂರನ್ನೂ ಒಟ್ಟಿಗೆ ತುಟಿಗೆ ತಂದುಕೊಳ್ಳಬೇಕು. ಅತ್ತೆ ಏನು ಮಾಡಿದ್ದರು ಗೊತ್ತೇ? ಪಕ್ಕದ ಖಾಲಿ ಲೋಟಕ್ಕೆ ಅಷ್ಟೆತ್ತರದಿಂದ ಸುರಿದು, ಈ ಲೋಟ ಆ ಲೋಟ ಮಾಡಿ, ನೊರೆ ಬರಿಸಿದ್ದರು. "ಬಡಿಸೋನು ಎದೆ ಹಿಡ್ಕೊಂಡ ಕಣೇ! ಆಮೇಲೆ ಪಾಪ, ಇನ್ನೊಂದು ತಂದು ಕೊಟ್ಟು, ಹೀಗೆ ಕುಡೀರಿ ಅಂತ ಪಕ್ಕದಲ್ಲೇ ನಿಂತು ತೋರಿಸಿದ."

ನಾನೂ ಬಿಡಲಿಲ್ಲ. ಊರಂಚಿನ ಅಭಯಾರಣ್ಯಕ್ಕೆ ಕರೆದುಕೊಂಡು ಹೋದೆ. ಜಿರಾಫೆಯ ಹಿಂದೆ ಪಟ್ಟಣದ ಗಗನಚುಂಬಿಗಳು ಕಾಣುವ ಜಾಗ ಪ್ರಪಂಚದಲ್ಲಿ ಇನ್ನೆಲ್ಲಿದೆ? ಅತ್ತೆ ಕಣ್ಣು ಕಿರಿದಾಗಿಸಿ ನೋಡಿ, "ಟೊರಿನೊದಲ್ಲಿ ರಸ್ತೆ ತುದೀಲೇ ಹಿಮದ ಬೆಟ್ಟ ಕಾಣತ್ತೆ," ಎಂದರು. ಚಹಾ ತೋಟಗಳಿಗೆ ಕರೆದೊಯ್ದೆ. "ಹಸಿರಾಗಿದೆ," ಎಂದರು. ಕೊನೆಗೆ ಮಾಲ್ ಒಂದರಲ್ಲಿದ್ದ ಇಟಾಲಿಯನ್ ಕಾಫಿ ಅಂಗಡಿಗೆ ಹೋಗಿ, ಅಲ್ಲಿದ್ದ ಹುಡುಗಿಗೆ ಬಿಚೆರಿನ್ನಿನ ವಿವರ ಹೇಳಿ ಮಾಡಿಸಿದೆ. ಅವಳು ನಾಲಿಗೆ ಕಚ್ಚಿಕೊಂಡು ಪದರ ಪದರವಾಗಿ ಸುರಿದು ತಂದಳು. ನೋಡಲು ಫೋಟೋದಲ್ಲಿದ್ದಂತೆಯೇ ಇತ್ತು. ಅತ್ತೆ ಕುಡಿದು ಲೋಟ ಕೆಳಗಿಟ್ಟರು.

"ಪಾಪ, ಆ ಹುಡುಗಿ ತುಂಬಾ ಕಷ್ಟಪಟ್ಟು ಮಾಡಿದ್ದಾಳೆ."

ಮನೆಗೆ ಬಂದು ಪಾತ್ರೆಗಳನ್ನು ಸ್ವಲ್ಪ ಜೋರಾಗಿಯೇ ತೊಳೆದೆ. ಗಿರೀಶರು ಅಡುಗೆಮನೆಗೆ ಇಣುಕಿ ನೋಡಿ, ಬಾಗಿಲು ಎಳೆದುಕೊಂಡು ಹೋದರು.

ಗೌರಿ ಹಬ್ಬಕ್ಕೆ ಮುಂಚಿನ ಶನಿವಾರ ಅತ್ತೆ, ಗಿರೀಶರು, ಅದಿತಿ ದೇವಸ್ಥಾನಕ್ಕೆ ಹೋಗಿದ್ದಾಗ ಸುಮನಾ ಫೋನು ಮಾಡಿದಳು. ದನಿ ಬಿಗಿಯಾಗಿತ್ತು.

"ಅಕ್ಕಾ, ನಿಜ ಹೇಳಿ. ನಿನ್ನೆ ಅತ್ತೆ ಫೋನ್ ಮಾಡಿದ್ರು. ನಿಮ್ಮ ಗೇಟಿನ ಕಾವಲುಗಾರ ಅತ್ತೆಗೆ ದಿನಾ ಬೆಳಿಗ್ಗೆ ನಿಮ್ಮ ಪಾದ ಹಿಡೀತೀನಿ ಅಂತಾನಂತೆ, ಹೌದಾ?"

ಹೌದು. ಅವನು ಕರಾವಳಿಯವನು. ಅಲ್ಲಿ ಹಿರಿಯರನ್ನು ಕಂಡರೆ 'ಶಿಕಾಮೊ' ಎನ್ನಬೇಕು. ನಿಮ್ಮ ಪಾದ ಹಿಡಿಯುತ್ತೇನೆ ಎಂದೇ ಅದರ ಅರ್ಥ ಹೇಳುತ್ತಾರೆ. ಹಿರಿಯರು 'ಮರಹಬಾ' ಎಂದು ಒಪ್ಪಿಕೊಳ್ಳಬೇಕು. ಅತ್ತೆಗೆ ಅವನೇ ಕಲಿಸಿಕೊಟ್ಟಿದ್ದ.

"ಮತ್ತೆ ದಾರೀಲಿ ಎಡವಿದ್ರೆ ಹೋಗೋರು ಬರೋರೆಲ್ಲ ಪೋಲೆ ಪೋಲೆ, ಅಯ್ಯೋ ಪಾಪ ಅಂತಾರಂತೆ. ಮೆಂತ್ಯ ಗೇಟಿಗೇ ಬರುತ್ತಂತೆ. ಮುದ್ದೆ ಅಂಥದ್ದು ಸಿಗುತ್ತಂತೆ. ಜಿರಾಫೆ ನೋಡಿ ಕಣ್ಣಲ್ಲಿ ನೀರು ಬಂತಂತೆ. ನಿಮ್ಮ ಕಾಫಿ ಥರ ಇಲ್ಲಿ ಒಂದು ದಿನಾನೂ ಕುಡೀಲಿಲ್ವಂತೆ! ಇಲ್ಲಿದ್ದಷ್ಟು ದಿನ ಏನು ತೋರಿಸಿದ್ರೂ 'ಕಲ್ಲು ಚೆನ್ನಾಗಿ ಕೆತ್ತಿದ್ದಾರೆ' ಅಂತ ಬಿಟ್ರೆ ಬಾಯೇ ಬಿಡಲಿಲ್ಲ, ಅಕ್ಕಾ. ನಾನು ಊರೆಲ್ಲ ಸುತ್ತಿಸಿದೆ."

ಅವಳು ದನಿ ಇಳಿಸಿ, "ಇಲ್ಲಿ ನಮ್ಮ ಮನೆ ಬಾಗಿಲನ್ನ ಯಾರೂ ತಟ್ಟಲ್ಲ ಗೊತ್ತಾ? ನಿಮ್ಮನ್ನ ನೋಡಿದ್ರೆ ಹೊಟ್ಟೆಕಿಚ್ಚಾಗುತ್ತೆ," ಎಂದಳು.

ನನಗೆ ಮೊದಲು ಆದದ್ದು ಸಂತೋಷ. ಒಳ್ಳೆಯ ಗುಣವಲ್ಲ, ಆದರೆ ಆದದ್ದು ಅದೇ. ಆಮೇಲೆ ಜಿರಾಫೆಯ ಮುಂದೆ ಅತ್ತೆ ಕಣ್ಣು ಕಿರಿದಾಗಿಸಿದ್ದು ನೆನಪಾಯಿತು. ನಮ್ಮ ಮನೆಗಳಲ್ಲಿ ಮಗುವನ್ನಾಗಲಿ ಸೊಸೆಯನ್ನಾಗಲಿ ಎದುರಿಗೆ ಹೊಗಳುವುದಿಲ್ಲ, ದೃಷ್ಟಿ ತಾಗುತ್ತದೆ. ಯಾರಾದರೂ ಹೊಗಳಿದರೂ ಉಪ್ಪು ಮೆಣಸಿನಕಾಯಿ ನಿವಾಳಿಸಿ ಹಾಕುತ್ತಾರೆ. ಅತ್ತೆ ಆ ನಿಯಮವನ್ನು ಊರುಗಳಿಗೂ ಪಾಲಿಸುತ್ತಿದ್ದರು, ಅಷ್ಟೇ. ಬಾಲ್ಕನಿಯಲ್ಲಿ ಕೇಳಿದ ಇಟಲಿಯನ್ನೆಲ್ಲ ನಾನು ಸುಮನಾಳಿಗೆ ಒಪ್ಪಿಸಿದೆ: ದೀಪದ ಗೊಂಚಲು, ಗೂಳಿಯ ತೀರ್ಥ, ಎದೆ ಹಿಡಿದುಕೊಂಡವನು. ಆಮೇಲೆ ಇಬ್ಬರೂ ಬಿದ್ದು ಬಿದ್ದು ನಕ್ಕೆವು. ಅತ್ತೆಗೆ ಇದನ್ನು ಹೇಳಬಾರದೆಂದು ಒಪ್ಪಂದವಾಯಿತು.

ಹಬ್ಬ ಮುಗಿಸಿ ಅತ್ತೆ ಹೊರಟುಹೋದರು. ಒಂದು ವಾರದ ಮೇಲೆ ಮೈಸೂರಿನಿಂದ ನಾದಿನಿ ಫೋನು ಮಾಡಿ ರೇಗಿದಳು. "ನಿಮ್ಮಿಬ್ಬರ ಊರಿನ ಗುಣಗಾನ ಕೇಳಿ ಕೇಳಿ ಸಾಕಾಯ್ತು. ದೊಡ್ಡಮ್ಮನಂತೂ ನೈರೋಬಿಗೆ ಟಿಕೆಟ್ ಹ್ಯಾಗೆ ತೆಗೆಸೋದು ಅಂತ ವಿಚಾರಿಸ್ತಿದ್ದಾರೆ. ಮೈಸೂರಲ್ಲಿ ಏನಿದೆ ಅಂತಾರೆ ಅಮ್ಮ!"

ನಾನು ಗೆದ್ದಿದ್ದೆ. ದೊಡ್ಡಮ್ಮನ ಕಣ್ಣೀರಿಗೆ ಉತ್ತರ ಸಿಕ್ಕಿತ್ತು. ಆದರೂ ಏನೋ ಕೊರೆಯತೊಡಗಿತು. ಮೈಸೂರಿನಲ್ಲಿ ಇದ್ದುಕೊಂಡು ಮೈಸೂರನ್ನು ಹೊಗಳಲಾರರು, ಸರಿ. ಆದರೆ ನಮ್ಮ ಬಾಲ್ಕನಿಯಲ್ಲಿ ಹೊಗಳಬಹುದಿತ್ತಲ್ಲ? ಬಂದವರು ತಮ್ಮ ಬೀದಿಯ ಹೆಸರನ್ನೂ ಎತ್ತಿರಲಿಲ್ಲ. ಸುಮನಾಳನ್ನು ಕೇಳಿದೆ. ಅಲ್ಲಿಯೂ ಇಲ್ಲವಂತೆ. ಮರುದಿನ ಅತ್ತೆಗೇ ಫೋನು ಮಾಡಿ ಕೇಳಿಬಿಟ್ಟೆ.

"ಅತ್ತೆ, ಇಷ್ಟು ದಿನ ಇದ್ರಿ. ಮೈಸೂರನ್ನ ಮಾತ್ರ ಯಾಕೆ ಒಂದು ಸಲಾನೂ ಹೊಗಳಲಿಲ್ಲ?"

ಆ ಕಡೆ ಒಗ್ಗರಣೆ ಸಿಡಿಯುವ ಸದ್ದು ಕೇಳಿಸಿತು. ಅತ್ತೆ ಒಲೆ ಸಣ್ಣ ಮಾಡಿರಬೇಕು.

"ಅದನ್ನೂ ಹೊಗಳಿಬಿಟ್ರೆ ನೀವಿಬ್ರೂ ಅಲ್ಲಿ ಹ್ಯಾಗೇ ಇರ್ತೀರಿ?"

ನನಗೆ ಆ ಒಗ್ಗರಣೆಯ ಘಮ ಕುಡಿಯುತ್ತಿದ್ದ ನಾದಿನಿಯ ಮೇಲೂ, ಆ ಬೀದಿಯಲ್ಲಿ ಅದೇ ಹೊತ್ತಿಗೆ ನಡೆದುಹೋಗುತ್ತಿದ್ದ ಗುರುತಿಲ್ಲದವರ ಮೇಲೂ ಹೊಟ್ಟೆಕಿಚ್ಚಾಯಿತು. ಟೊರಿನೊ ಎಂದೂ ನನ್ನನ್ನು ಹಾಗೆ ಸುಟ್ಟಿರಲಿಲ್ಲ.

ಕೆಳಗೆ ಗೇಟಿನಿಂದ ವಂಜಿಕು "ಮಾಮಾ ಅದಿತಿ!" ಎಂದು ಕೂಗಿದಳು. ಮಾಮಾ ಎಂದರೆ ಅಮ್ಮ; ಇಲ್ಲಿ ತಾಯಂದಿರನ್ನು ಮಕ್ಕಳ ಹೆಸರು ಹಿಡಿದೇ ಕರೆಯುತ್ತಾರೆ. ನಾನು ಜಯಾ ಎಂದು ಆ ಗೇಟಿಗೆ ಗೊತ್ತಿಲ್ಲ.

"ಅಡುಗೆ ಆಯ್ತಾ?" ಎಂದು ಅತ್ತೆ ಮಾತು ಬದಲಿಸಿದರು.

"ಆಯ್ತು ಅತ್ತೆ," ಎಂದು ಸುಳ್ಳು ಹೇಳಿ, ಕಣ್ಣೊರೆಸಿಕೊಂಡು, ಚೀಲ ಹಿಡಿದು ಕೆಳಗಿಳಿದೆ.